571428 (ಸಂಖ್ಯೆ)

571428 ಎಂಬುದು ಆರು ಅಂಕಿಗಳ ಒಂದು ಸಮ ಸಂಯುಕ್ತ ಸಂಖ್ಯೆ. 4/7 ಎಂಬ ಭಿನ್ನರಾಶಿಯನ್ನು ದಶಮಾಂಶ ರೂಪದಲ್ಲಿ ಬರೆದಾಗ ಕೊನೆಯಿಲ್ಲದೆ ಮರುಕಳಿಸುವ ಅಂಕಿಗಳ ಗುಂಪು ಇದೇ. ಚಕ್ರೀಯ ಸಂಖ್ಯೆ 142857ರ ನಾಲ್ಕರಷ್ಟಾದ ಈ ಸಂಖ್ಯೆ ಮಂಡ್ಯ ಜಿಲ್ಲೆಯ ಮದ್ದೂರು ಪಟ್ಟಣದ ಅಂಚೆ ಪಿನ್ ಸಂಖ್ಯೆಯೂ ಹೌದು. ಓದುವ ಕ್ರಮ: ಐದು ಲಕ್ಷದ ಎಪ್ಪತ್ತೊಂದು ಸಾವಿರದ ನಾನೂರ ಇಪ್ಪತ್ತೆಂಟು. ಕನ್ನಡ ಅಂಕಿಗಳಲ್ಲಿ ೫೭೧೪೨೮. ಭಾರತೀಯ ಅಲ್ಪವಿರಾಮ ಕ್ರಮದಲ್ಲಿ 5,71,428.

ಅಂಚೆಯ ಸಂಖ್ಯೆಯಾಗಿ 571428 ಒಂದು ಗುರುತು ಮಾತ್ರ. ಅದನ್ನು ಕೊಟ್ಟದ್ದು ವಿಂಗಡಣೆಯ ಅನುಕೂಲಕ್ಕಾಗಿ. ಗಣಿತದ ಸಂಖ್ಯೆಯಾಗಿ ಅದರ ಗುಣಗಳೆಲ್ಲ 7 ಮತ್ತು 10 ಎಂಬ ಎರಡು ಸಂಖ್ಯೆಗಳ ಸಂಬಂಧದಿಂದ ಬಂದಿವೆ. ಈ ಲೇಖನವು ಎರಡನ್ನೂ ವಿವರಿಸುತ್ತದೆ. ಹೋಲಿಕೆಗಾಗಿ ಅದೇ ಜಿಲ್ಲೆಯ ಮಂಡ್ಯ (571401) ಮತ್ತು ಮಳವಳ್ಳಿ (571430) ಪಿನ್ ಸಂಖ್ಯೆಗಳನ್ನೂ ಪರಿಶೀಲಿಸುತ್ತದೆ.

ಪರಿಭಾಷೆ

ಆವರ್ತ ಭಾಗ: ಕೊನೆಗೊಳ್ಳದ ಆವರ್ತ ದಶಮಾಂಶದಲ್ಲಿ ಮತ್ತೆ ಮತ್ತೆ ಬರುವ ಅಂಕಿಗಳ ಗುಂಪು. ಅದರಲ್ಲಿರುವ ಅಂಕಿಗಳ ಎಣಿಕೆಯೇ ಆವರ್ತದ ಉದ್ದ.

ಸುತ್ತುರೂಪ: ಒಂದು ಸಂಖ್ಯೆಯ ಮುಂಭಾಗದ ಕೆಲವು ಅಂಕಿಗಳನ್ನು ಅದೇ ಕ್ರಮದಲ್ಲಿ ಹಿಂಭಾಗಕ್ಕೆ ಸೇರಿಸಿದಾಗ ಸಿಗುವ ಸಂಖ್ಯೆ. 142857ರ ಮೊದಲ ನಾಲ್ಕು ಅಂಕಿಗಳಾದ 1428ನ್ನು ಕೊನೆಗೆ ಒಯ್ದರೆ 571428 ಬರುತ್ತದೆ.

ಚಕ್ರೀಯ ಸಂಖ್ಯೆ: n ಅಂಕಿಗಳಿದ್ದು, 1ರಿಂದ nವರೆಗಿನ ಯಾವ ಸಂಖ್ಯೆಯಿಂದ ಗುಣಿಸಿದರೂ ತನ್ನದೇ ಸುತ್ತುರೂಪವನ್ನು ಕೊಡುವ ಸಂಖ್ಯೆ. ಈ ಅರ್ಥದಲ್ಲಿ ಚಕ್ರೀಯ ಸಂಖ್ಯೆ ಎಂಬ ಹೆಸರು 142857ಕ್ಕೆ ಸಲ್ಲುತ್ತದೆ. 571428 ಅದರ ಆರು ಸುತ್ತುರೂಪಗಳಲ್ಲಿ ಒಂದು.

ಪೂರ್ಣಾವರ್ತ ಅವಿಭಾಜ್ಯ: 1/p ಭಿನ್ನರಾಶಿಯ ಆವರ್ತದ ಉದ್ದ p − 1 ಆಗುವಂಥ ಅವಿಭಾಜ್ಯ ಸಂಖ್ಯೆ p. ಇಂಥವುಗಳಲ್ಲಿ ಅತಿ ಚಿಕ್ಕದು 7.

ಜನಕ: ಒಂದು ಸಂಖ್ಯೆಯ ಘಾತಗಳನ್ನು p ಯಿಂದ ಭಾಗಿಸುತ್ತ ಹೋದಾಗ 1ರಿಂದ p − 1ವರೆಗಿನ ಎಲ್ಲ ಶೇಷಗಳೂ ದೊರೆತರೆ, ಆ ಸಂಖ್ಯೆ p ಗೆ ಜನಕ.

ಪಿನ್ ಸಂಖ್ಯೆಯ ಹುಟ್ಟು ಮತ್ತು ರಚನೆ

ಭಾರತದ ಅಂಚೆ ಇಲಾಖೆ ಆರು ಅಂಕಿಗಳ ಪಿನ್ ಪದ್ಧತಿಯನ್ನು 1972ರ ಆಗಸ್ಟ್ 15ರಂದು ಜಾರಿಗೆ ತಂದಿತು. ಇದನ್ನು ರೂಪಿಸಿದವರು ಸಂಪರ್ಕ ಸಚಿವಾಲಯದಲ್ಲಿ ಹೆಚ್ಚುವರಿ ಕಾರ್ಯದರ್ಶಿಯಾಗಿದ್ದ ಶ್ರೀರಾಮ ಭಿಕಾಜಿ ವೇಲಣಕರ್. ಒಂದೇ ಹೆಸರಿನ ಹಲವು ಊರುಗಳು, ಹಲವು ಭಾಷೆ ಮತ್ತು ಲಿಪಿಗಳಲ್ಲಿ ಬರೆದ ವಿಳಾಸಗಳು ವಿಂಗಡಣೆಯಲ್ಲಿ ತರುತ್ತಿದ್ದ ಗೊಂದಲವನ್ನು ನೀಗಿಸುವುದು ಇದರ ಉದ್ದೇಶ. ಆಗ ರಾಜ್ಯದ ಹೆಸರು ಮೈಸೂರು ಎಂದೇ ಇತ್ತು. ಕರ್ನಾಟಕ ಎಂಬ ಹೆಸರು 1973ರ ನವೆಂಬರ್ 1ರಂದು ಬಂತು. ಮಂಡ್ಯ ಜಿಲ್ಲೆಯಾದರೋ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು 1939ರಲ್ಲೇ ರಚನೆಯಾಗಿತ್ತು.

ಪಿನ್ ಸಂಖ್ಯೆಯ ಮೊದಲ ಅಂಕಿ ವಲಯವನ್ನು ಸೂಚಿಸುತ್ತದೆ. ಎಂಟು ವಲಯಗಳು ಭೌಗೋಳಿಕ. ಒಂಬತ್ತನೆಯದು ಸೇನಾ ಅಂಚೆಗೆ ಮೀಸಲು. 5ರಿಂದ ಆರಂಭವಾಗುವ ಸಂಖ್ಯೆಗಳು ಆಂಧ್ರಪ್ರದೇಶ, ತೆಲಂಗಾಣ ಮತ್ತು ಕರ್ನಾಟಕಕ್ಕೆ ಸೇರಿದವು. ಮೊದಲ ಎರಡು ಅಂಕಿಗಳು 56ರಿಂದ 59ರವರೆಗೆ ಇದ್ದರೆ ಕರ್ನಾಟಕ. ಮೊದಲ ಮೂರು ಅಂಕಿಗಳು ವಿಂಗಡಣಾ ಜಿಲ್ಲೆಯನ್ನೂ ಕೊನೆಯ ಮೂರು ಅಂಕಿಗಳು ಬಟವಾಡೆ ಮಾಡುವ ಅಂಚೆ ಕಚೇರಿಯನ್ನೂ ತಿಳಿಸುತ್ತವೆ.

571 ಎಂಬ ಮುಂಭಾಗ ಹಳೆಯ ಮೈಸೂರು ಸೀಮೆಯ ದಕ್ಷಿಣ ಭಾಗಕ್ಕೂ ಕೊಡಗಿಗೂ ಹರಡಿಕೊಂಡಿದೆ. ಹುಣಸೂರು 571105, ಮಡಿಕೇರಿ 571201, ನಂಜನಗೂಡು 571301, ಚಾಮರಾಜನಗರ 571313, ಕೊಳ್ಳೇಗಾಲ 571440 ಈ ಗುಂಪಿನವು. ಮಂಡ್ಯ ಜಿಲ್ಲೆಯ ಮುಖ್ಯ ಊರುಗಳ ಸಂಖ್ಯೆಗಳು ಹೀಗಿವೆ:

ಮಂಡ್ಯ – 571401
ಕೃಷ್ಣರಾಜಪೇಟೆ – 571426
ಮದ್ದೂರು – 571428
ಮಳವಳ್ಳಿ – 571430
ಮೇಲುಕೋಟೆ – 571431
ನಾಗಮಂಗಲ – 571432
ಪಾಂಡವಪುರ – 571434
ಶ್ರೀರಂಗಪಟ್ಟಣ – 571438

ಜಿಲ್ಲಾ ಕೇಂದ್ರವಾದ ಮಂಡ್ಯ 401ರಲ್ಲಿ ಮೊದಲಿಗೆ ನಿಂತಿದೆ. ಅದನ್ನು ಬಿಟ್ಟರೆ ಪಟ್ಟಿಯಲ್ಲಿರುವ ಉಳಿದ ಊರುಗಳು ರೋಮನ್ ಲಿಪಿಯ ಅಕಾರಾದಿ ಕ್ರಮದಲ್ಲಿ ಏರುತ್ತ ಹೋಗುತ್ತವೆ. ಕನ್ನಡ ಅಕ್ಷರಮಾಲೆಯ ಕ್ರಮವನ್ನು ಅನುಸರಿಸಿದ್ದರೆ ನಾಗಮಂಗಲ ಮತ್ತು ಪಾಂಡವಪುರಗಳು ಮದ್ದೂರಿಗಿಂತ ಮೊದಲು ಬರಬೇಕಿತ್ತು. ಶಿಂಷಾ ನದಿಯ ದಡದಲ್ಲಿ, ಬೆಂಗಳೂರು–ಮೈಸೂರು ಹೆದ್ದಾರಿ ಮತ್ತು ರೈಲು ಮಾರ್ಗದಲ್ಲಿರುವ ಮದ್ದೂರಿಗೆ ಈ ಸಾಲಿನಲ್ಲಿ ಬಂದ ಸ್ಥಾನ 428. ಮುಂಭಾಗದ 571 ಇದಕ್ಕೆ ಸೇರಿ 571428 ಆಯಿತು.

ಭಾಗಾಕಾರದಲ್ಲಿ ಮೂಡುವ ಬಗೆ

4ನ್ನು 7ರಿಂದ ಭಾಗಿಸಿದಾಗ 571428 ಹಂತ ಹಂತವಾಗಿ ಮೂಡುತ್ತದೆ. ಪ್ರತಿ ಹಂತದಲ್ಲೂ ಶೇಷದ ಮುಂದೆ ಸೊನ್ನೆ ಇಳಿಸಿ ಮತ್ತೆ ಭಾಗಿಸಬೇಕು:

40 ÷ 7: ಭಾಗಲಬ್ಧ 5, ಶೇಷ 5
50 ÷ 7: ಭಾಗಲಬ್ಧ 7, ಶೇಷ 1
10 ÷ 7: ಭಾಗಲಬ್ಧ 1, ಶೇಷ 3
30 ÷ 7: ಭಾಗಲಬ್ಧ 4, ಶೇಷ 2
20 ÷ 7: ಭಾಗಲಬ್ಧ 2, ಶೇಷ 6
60 ÷ 7: ಭಾಗಲಬ್ಧ 8, ಶೇಷ 4

ಆರನೆಯ ಹಂತದಲ್ಲಿ ಶೇಷ 4 ಮರಳಿ ಬಂದಿದೆ. ಮುಂದಿನ ಹಂತ ಮತ್ತೆ 40 ÷ 7. ಆದ್ದರಿಂದ ಅಂಕಿಗಳೂ ಮೊದಲಿನಿಂದ ಮರುಕಳಿಸುತ್ತವೆ. 4/7 = 0.571428571428571428… ಎಂದು ಅಂತ್ಯವಿಲ್ಲದೆ ಸಾಗುತ್ತದೆ. 7ರಿಂದ ಭಾಗಿಸುವಾಗ ಸೊನ್ನೆಯಲ್ಲದ ಶೇಷಗಳು 1ರಿಂದ 6ರವರೆಗೆ ಆರು ಮಾತ್ರ. ಮೇಲಿನ ಭಾಗಾಕಾರದಲ್ಲಿ ಆ ಆರೂ ಒಂದೊಂದು ಸಲ ಬಂದಿವೆ. ಆವರ್ತ ಇದಕ್ಕಿಂತ ಉದ್ದವಾಗಲು ಸಾಧ್ಯವಿಲ್ಲ. 7ನ್ನು ಪೂರ್ಣಾವರ್ತ ಅವಿಭಾಜ್ಯ ಎನ್ನುವುದು ಇದರಿಂದಲೇ.

1/7ರಿಂದ ಆರಂಭಿಸಿದರೂ ಶೇಷಗಳು ಇದೇ ಸರಪಳಿಯಲ್ಲಿ ಬರುತ್ತವೆ; ಪ್ರವೇಶಿಸುವ ಜಾಗ ಮಾತ್ರ ಬೇರೆ. ಹೀಗಾಗಿ 1/7ರಿಂದ 6/7ರವರೆಗಿನ ಆರು ಭಿನ್ನರಾಶಿಗಳ ಆವರ್ತ ಭಾಗಗಳು ಒಂದೇ ಅಂಕಿಸಾಲಿನ ಸುತ್ತುರೂಪಗಳು:

1/7 – 142857
2/7 – 285714
3/7 – 428571
4/7 – 571428
5/7 – 714285
6/7 – 857142

ಪೂರ್ಣಾಂಕ ಭಾಗ ಸೇರಿದರೂ ಆವರ್ತ ಬದಲಾಗದು. 11/7 = 1.571428…, 18/7 = 2.571428…. ಶಾಲೆಯಲ್ಲಿ ವೃತ್ತದ ಲೆಕ್ಕಕ್ಕೆ ಬಳಸುವ 22/7ರ ದಶಮಾಂಶ ಭಾಗ 142857ರ ಆವರ್ತವೇ.

571428ನ್ನು ಇಮ್ಮಡಿಸುವ ಶ್ರೇಣಿಯಿಂದಲೂ ಪಡೆಯಬಹುದು. 0.56, 0.0112, 0.000224, 0.00000448 ಹೀಗೆ ಪ್ರತಿ ಪದವೂ ಹಿಂದಿನದರ ಎರಡರಷ್ಟಾಗಿ ಎರಡು ಸ್ಥಾನ ಬಲಕ್ಕೆ ಸರಿಯುವ ಗುಣೋತ್ತರ ಶ್ರೇಣಿಯ ಮೊತ್ತ 0.56/0.98, ಇದು 4/7ಕ್ಕೆ ಸಮ.

ಅಪವರ್ತನ ಮತ್ತು ಭಾಜಕಗಳು

571428 = 2² × 3³ × 11 × 13 × 37.

ಇದಕ್ಕೆ ಮೂಲ 999999 = 3³ × 7 × 11 × 13 × 37 ಎಂಬ ಅಪವರ್ತನ. 999999ನ್ನು 7ರಿಂದ ಭಾಗಿಸಿದರೆ 142857. ಅದನ್ನು ನಾಲ್ಕರಿಂದ ಗುಣಿಸಿದಾಗ 2² ಸೇರಿಕೊಳ್ಳುತ್ತದೆ. ಹುಟ್ಟಿಗೆ ಕಾರಣವಾದ 7 ಮಾತ್ರ 571428ರ ಅಪವರ್ತನಗಳಲ್ಲಿ ಇಲ್ಲ.

ಘಾತಗಳ ಪ್ರಕಾರ ಭಾಜಕಗಳ ಎಣಿಕೆ 3 × 4 × 2 × 2 × 2 = 96. ಎಲ್ಲ ಭಾಜಕಗಳ ಮೊತ್ತ 17,87,520. ಸಂಖ್ಯೆಯನ್ನೇ ಬಿಟ್ಟು ಉಳಿದ ಭಾಜಕಗಳ ಮೊತ್ತ 12,16,092. ಇದು ಸಂಖ್ಯೆಗಿಂತ ಹೆಚ್ಚಾದ್ದರಿಂದ 571428 ಒಂದು ಅಧಿಕ ಸಂಖ್ಯೆ. 571428ಕ್ಕಿಂತ ಚಿಕ್ಕದಾಗಿದ್ದು ಅದರೊಡನೆ 1ನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇಲ್ಲದ ಧನ ಪೂರ್ಣಾಂಕಗಳು 1,55,520. ಎರಡು ಅಪವರ್ತನಗಳ ಗುಣಲಬ್ಧವಾಗಿ ಬರೆದಾಗ ಪರಸ್ಪರ ಅತಿ ಹತ್ತಿರವಾದ ಜೋಡಿ 702 × 814. 666 × 858 ಮತ್ತು 572 × 999 ಇತರ ಜೋಡಿಗಳಲ್ಲಿ ಎರಡು.

ಅಂಕಿಗಳ ಮೊತ್ತ 5 + 7 + 1 + 4 + 2 + 8 = 27. 571428 = 27 × 21164 ಆದ್ದರಿಂದ ಇದು ತನ್ನ ಅಂಕಿಗಳ ಮೊತ್ತದಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಇಂಥ ಸಂಖ್ಯೆಗಳಿಗೆ ಹರ್ಷದ ಸಂಖ್ಯೆ ಎಂದು ಹೆಸರಿಟ್ಟವರು ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ಗಣಿತಜ್ಞ ಡಿ. ಆರ್. ಕಾಪ್ರೇಕರ್ (1905–1986). ಅಂಕಿಗಳಲ್ಲಿ 0, 3, 6 ಮತ್ತು 9 ಇಲ್ಲ. ಉಳಿದ ಆರೂ ಒಂದೊಂದು ಸಲ ಬಂದಿವೆ.

ಚಕ್ರೀಯ ಗುಣ

571428ನ್ನು ಯಾವುದೇ ಧನ ಪೂರ್ಣಾಂಕದಿಂದ ಗುಣಿಸಿ, ಗುಣಲಬ್ಧವನ್ನು ಬಲದಿಂದ ಆರಾರು ಅಂಕಿಗಳ ಗುಂಪುಗಳಾಗಿ ಕತ್ತರಿಸಿ ಕೂಡಿದರೆ, ಆರು ಸುತ್ತುರೂಪಗಳಲ್ಲಿ ಒಂದು ಬರುತ್ತದೆ; ಗುಣಕ 7ರ ಅಪವರ್ತ್ಯವಾಗಿದ್ದರೆ 999999 ಬರುತ್ತದೆ. ಮೊತ್ತ ಆರು ಅಂಕಿಗಳನ್ನು ಮೀರಿದರೆ ಮತ್ತೆ ಕತ್ತರಿಸಿ ಕೂಡಬೇಕು.

571428 × 2 = 1142856; 1 + 142856 = 142857
571428 × 3 = 1714284; 1 + 714284 = 714285
571428 × 4 = 2285712; 2 + 285712 = 285714
571428 × 5 = 2857140; 2 + 857140 = 857142
571428 × 6 = 3428568; 3 + 428568 = 428571
571428 × 7 = 3999996; 3 + 999996 = 999999

ಫಲಿತಾಂಶವನ್ನು ನಿರ್ಧರಿಸುವುದು ಗುಣಕವನ್ನು 7ರಿಂದ ಭಾಗಿಸಿದಾಗ ಉಳಿಯುವ ಶೇಷ. ಆ ಶೇಷ 1 ಆದರೆ 571428 ತನ್ನ ರೂಪಕ್ಕೇ ಮರಳುತ್ತದೆ. ವರ್ಷದ 365 ದಿನಗಳಲ್ಲಿ 52 ವಾರ ಹೋಗಿ ಒಂದು ದಿನ ಉಳಿಯುತ್ತದೆ. ಅದರಂತೆ 571428 × 365 = 208571220; 208 + 571220 = 571428.

ಕತ್ತರಿಸಿ ಕೂಡುವ ಕ್ರಮದ ಆಧಾರ ಸರಳ. 10⁶ ಎಂಬುದು 999999ಕ್ಕಿಂತ ಒಂದು ಹೆಚ್ಚು. ಆದ್ದರಿಂದ ಹತ್ತು ಲಕ್ಷದ ಸ್ಥಾನದಲ್ಲಿರುವ ಸಂಖ್ಯೆಯನ್ನು ಬಿಡಿಯ ಸ್ಥಾನಕ್ಕೆ ತಂದು ಕೂಡಿದರೆ, 999999ರ ಅಪವರ್ತ್ಯವೊಂದು ಕಳೆದುಹೋಗುತ್ತದೆಯೇ ಹೊರತು 999999ರಿಂದ ಭಾಗಿಸಿದಾಗಿನ ಶೇಷ ಬದಲಾಗದು. 10⁶ − 1 ಸಂಖ್ಯೆ 7ರಿಂದ ಭಾಗವಾಗಲೇಬೇಕು ಎಂಬುದು ಫ್ರಾನ್ಸಿನ ಪಿಯರ್ ದ ಫರ್ಮಾ 1640ರಲ್ಲಿ ತಿಳಿಸಿದ ಪ್ರಮೇಯದಿಂದ ಸಿಗುತ್ತದೆ: p ಅವಿಭಾಜ್ಯವಾಗಿದ್ದು a ಯನ್ನು ಭಾಗಿಸದಿದ್ದರೆ, a ಯ p − 1ನೆಯ ಘಾತದಿಂದ 1ನ್ನು ಕಳೆದದ್ದು p ಯಿಂದ ಭಾಗವಾಗುತ್ತದೆ.

ಅರ್ಧಗಳ ಮೊತ್ತ

571428ನ್ನು ನಡುವೆ ಕತ್ತರಿಸಿದರೆ 571 ಮತ್ತು 428; 571 + 428 = 999. ಎರಡೆರಡು ಅಂಕಿಗಳಾಗಿ ಕತ್ತರಿಸಿದರೆ 57 + 14 + 28 = 99. ಮೂರು ಸ್ಥಾನ ದೂರವಿರುವ ಅಂಕಿಗಳ ಜೋಡಿಗಳಾದ 5 ಮತ್ತು 4, 7 ಮತ್ತು 2, 1 ಮತ್ತು 8 ಪ್ರತಿಯೊಂದೂ ಕೂಡಿ 9 ಆಗುತ್ತವೆ. ಹರದಲ್ಲಿ ಅವಿಭಾಜ್ಯವಿದ್ದು ಆವರ್ತದ ಉದ್ದ ಸಮಸಂಖ್ಯೆಯಾದಾಗಲೆಲ್ಲ ಎರಡು ಅರ್ಧಗಳ ಮೊತ್ತ ಬರೀ 9ಗಳಿಂದ ಕೂಡಿರುತ್ತದೆ ಎಂಬುದು ಮಿದಿ ಪ್ರಮೇಯ. ಫ್ರಾನ್ಸಿನ ಇ. ಮಿದಿ ಇದನ್ನು 1836ರಲ್ಲಿ ಪ್ರಕಟಿಸಿದರು. ಮೂರು ಭಾಗಗಳಿಗೆ ಈ ಪ್ರಮೇಯವನ್ನು ವಿಸ್ತರಿಸಿದ ಫಲಿತಾಂಶವನ್ನು ಬ್ರಯನ್ ಗಿನ್ಸ್‌ಬರ್ಗ್ 2004ರಲ್ಲಿ ಪ್ರಕಟಿಸಿದರು.

ಕಾರಣವನ್ನು ಮೇಲೆ ಬರೆದ ಶೇಷಗಳಲ್ಲೇ ಕಾಣಬಹುದು. 4ರಿಂದ ಹೊರಟ ಭಾಗಾಕಾರ ಮೂರು ಹಂತ ದಾಟಿದಾಗ ಶೇಷ 3. 4/7 ಮತ್ತು 3/7 ಕೂಡಿದರೆ 1. ದಶಮಾಂಶದಲ್ಲಿ ಅದು 0.999999…. ಹಾಗಾಗಿ 571428ರ ಪ್ರತಿ ಅಂಕಿಯೂ 428571ರಲ್ಲಿ ಅದೇ ಸ್ಥಾನದಲ್ಲಿರುವ ಅಂಕಿಯೊಡನೆ ಸೇರಿ 9 ಆಗುತ್ತದೆ.

ಈ ಗುಣವನ್ನು ಪಿನ್ ಸಂಖ್ಯೆಯ ರಚನೆಗೆ ಅನ್ವಯಿಸಬಹುದು. ವಿಂಗಡಣಾ ಜಿಲ್ಲೆಯ ಮೂರು ಅಂಕಿಗಳು 571 ಎಂದು ಗೊತ್ತಾದ ಮೇಲೆ, ಅವುಗಳೊಡನೆ ಕೂಡಿ 999 ಆಗುವ ಕಚೇರಿ ಸಂಖ್ಯೆ 428 ಒಂದೇ. ಬೀಜಗಣಿತದಲ್ಲಿ ಇದನ್ನು ಹೀಗೆ ತೋರಿಸಬಹುದು: 571428 = 571 × 1000 + (999 − 571) = 572 × 999. ಮೊದಲ ಮೂರು ಅಂಕಿಗಳ ಸಂಖ್ಯೆಗೆ 1 ಕೂಡಿಸಿ 999ರಿಂದ ಗುಣಿಸಿದರೆ ಇಡೀ ಸಂಖ್ಯೆ ಬರುತ್ತದೆ. 100000ದಿಂದ 999999ರವರೆಗಿನ ಸಂಖ್ಯೆಗಳಲ್ಲಿ ಅರ್ಧಗಳ ಮೊತ್ತ 999 ಆಗುವಂಥವು 900. ಅವುಗಳಲ್ಲಿ 142857ರ ಅಪವರ್ತ್ಯಗಳು ಆರು ಮಾತ್ರ. ಆ ಆರೇ ಸುತ್ತುರೂಪಗಳು.

ಅರ್ಧಗಳ ವ್ಯತ್ಯಾಸ 571 − 428 = 143 = 11 × 13. ಮೂರು ಮೂರು ಅಂಕಿಗಳ ಗುಂಪುಗಳ ವ್ಯತ್ಯಾಸದಿಂದ 7, 11 ಮತ್ತು 13ರ ಭಾಜ್ಯತೆಯನ್ನು ತಿಳಿಯುವ ನಿಯಮದ ಪ್ರಕಾರ, 571428 ಎಂಬುದು 11 ಮತ್ತು 13ರಿಂದ ಭಾಗವಾಗುತ್ತದೆ, 7ರಿಂದ ಆಗದು.

ವರ್ಗ ಮತ್ತು ಕಾಪ್ರೇಕರ್ ಗುಣ

ಒಂದು ಸಂಖ್ಯೆಯ ವರ್ಗವನ್ನು ಎರಡಾಗಿ ಕತ್ತರಿಸಿ ಕೂಡಿದಾಗ ಅದೇ ಸಂಖ್ಯೆ ಮರಳಿ ಬಂದರೆ ಅದು ಕಾಪ್ರೇಕರ್ ಸಂಖ್ಯೆ. 142857ರ ವರ್ಗ 20408122449; 20408 + 122449 = 142857. ಹತ್ತು ಲಕ್ಷದಿಂದ 142857ನ್ನು ಕಳೆದರೆ ಸಿಗುವ 857143 ಸಹ ಕಾಪ್ರೇಕರ್ ಸಂಖ್ಯೆಯೇ: ಅದರ ವರ್ಗ 734694122449; 734694 + 122449 = 857143.

571428ಕ್ಕೆ ಈ ಗುಣವಿಲ್ಲ. ಅದರ ವರ್ಗ 326529959184. ಭಾಗಗಳ ಮೊತ್ತ 1285713. ಇದನ್ನು ಮತ್ತೆ ಕತ್ತರಿಸಿ ಕೂಡಿದರೆ 285714. ಅಂದರೆ ವರ್ಗ ಮಾಡಿದಾಗ 4/7ರ ಆವರ್ತ 2/7ರ ಆವರ್ತಕ್ಕೆ ಹೋಗುತ್ತದೆ. 4ರ ವರ್ಗವಾದ 16ನ್ನು 7ರಿಂದ ಭಾಗಿಸಿದರೆ ಶೇಷ 2 ಎಂಬುದೇ ಇದಕ್ಕೆ ಕಾರಣ.

ಮಂಡ್ಯ ಮತ್ತು ಮಳವಳ್ಳಿಯ ಸಂಖ್ಯೆಗಳು

ಒಂದೇ ಜಿಲ್ಲೆಯ ಮೂರು ಸಂಖ್ಯೆಗಳು ಅಂಕಿಸಾಲಿನಲ್ಲಿ 30ಕ್ಕೂ ಕಡಿಮೆ ಅಂತರದೊಳಗೆ ಇದ್ದರೂ ಅವುಗಳ ಒಳರಚನೆ ಬಹಳ ಬೇರೆ.

ಮಂಡ್ಯ, 571401 = 3³ × 21163. ಇಲ್ಲಿ 21163 ಅವಿಭಾಜ್ಯ. ಭಾಜಕಗಳು 8. ಸಂಖ್ಯೆಯನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ 2,75,159. ಆದ್ದರಿಂದ ಇದು ನ್ಯೂನ ಸಂಖ್ಯೆ. ಅಂಕಿಗಳ ಮೊತ್ತ 18. ಬೆಸ ಸಂಖ್ಯೆಯಾದ್ದರಿಂದ 18ರಿಂದ ಭಾಗವಾಗದು, ಹರ್ಷದ ಸಂಖ್ಯೆ ಅಲ್ಲ.

ಮಳವಳ್ಳಿ, 571430 = 2 × 5 × 57143. ಇಲ್ಲಿ 57143 ಅವಿಭಾಜ್ಯ. ಭಾಜಕಗಳು 8. ಸಂಖ್ಯೆಯನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ 4,57,162. ಇದೂ ನ್ಯೂನ ಸಂಖ್ಯೆ. ಅಂಕಿಗಳ ಮೊತ್ತವಾದ 20ರಿಂದ ಇದು ಭಾಗವಾಗದು.

ಮದ್ದೂರಿನ ಸಂಖ್ಯೆ ಮಂಡ್ಯದ ಸಂಖ್ಯೆಗಿಂತ 27 ಹೆಚ್ಚು. ಎರಡೂ 27ರ ಅಪವರ್ತ್ಯಗಳು. 27 × 21163 ಮತ್ತು 27 × 21164 ಎಂದು ಒಂದರ ಪಕ್ಕ ಒಂದು ನಿಲ್ಲುತ್ತವೆ. ಅವುಗಳ ಮ.ಸಾ.ಅ. 27. ಮದ್ದೂರು ಮತ್ತು ಮಳವಳ್ಳಿ ಸಂಖ್ಯೆಗಳ ಮ.ಸಾ.ಅ. 2. ಮಂಡ್ಯ ಮತ್ತು ಮಳವಳ್ಳಿ ಸಂಖ್ಯೆಗಳ ಅಂತರ 29. ಅದು ಯಾವುದನ್ನೂ ಭಾಗಿಸದ ಕಾರಣ ಇವೆರಡು ಸಹ ಅವಿಭಾಜ್ಯಗಳು. ದೊಡ್ಡ ಅವಿಭಾಜ್ಯವೊಂದು ಅಪವರ್ತನವಾಗಿ ಬಂದಾಗ ಭಾಜಕಗಳು ವಿರಳವಾಗುತ್ತವೆ, ಚಿಕ್ಕ ಅವಿಭಾಜ್ಯಗಳು ಹಲವು ಸೇರಿದಾಗ ಹೆಚ್ಚುತ್ತವೆ ಎಂಬುದನ್ನು 8, 96, 8 ಎಂಬ ಈ ಮೂರು ಎಣಿಕೆಗಳು ಸ್ಪಷ್ಟವಾಗಿ ತೋರಿಸುತ್ತವೆ.

ಪಿನ್ ಪದ್ಧತಿಯ ನಕ್ಷೆಯಲ್ಲಿ ಆರು ಸುತ್ತುರೂಪಗಳ ಮೊದಲೆರಡು ಅಂಕಿಗಳು ದೇಶದ ಬೇರೆ ಬೇರೆ ಭಾಗಗಳನ್ನು ಸೂಚಿಸುತ್ತವೆ: 14 ಪಂಜಾಬ್, 28 ಉತ್ತರ ಪ್ರದೇಶ, 42 ಮಹಾರಾಷ್ಟ್ರ, 57 ಕರ್ನಾಟಕ, 71 ಪಶ್ಚಿಮ ಬಂಗಾಳ, 85 ಬಿಹಾರ–ಜಾರ್ಖಂಡ್ ಶ್ರೇಣಿ.

ಇತರ ಆಧಾರಗಳಲ್ಲಿ

ಅಪವರ್ತನಗಳು ಮತ್ತು ಭಾಜಕಗಳ ಎಣಿಕೆ ಸಂಖ್ಯೆಯ ಸ್ವಂತ ಗುಣಗಳು. ಬರೆಯುವ ಪದ್ಧತಿ ಬದಲಾದರೂ ಅವು ಬದಲಾಗವು. ಸುತ್ತುರೂಪ, ಅಂಕಿಗಳ ಮೊತ್ತ, ಅರ್ಧಗಳ ಮೊತ್ತ ಇವು ಹತ್ತರ ಆಧಾರಕ್ಕೆ ಸೇರಿದ ಗುಣಗಳು. ದ್ವಿಮಾನ ಪದ್ಧತಿಯಲ್ಲಿ 571428ರ ರೂಪ 10001011100000100100. ಇದರಲ್ಲಿ ಹೇಳಿಕೊಳ್ಳುವ ಕ್ರಮವಿಲ್ಲ.

4/7 ಎಂಬ ಭಿನ್ನರಾಶಿ ದ್ವಿಮಾನದಲ್ಲಿ 0.100100100… ಆಗುತ್ತದೆ, ಆವರ್ತದ ಉದ್ದ ಮೂರೇ. ಎಂಟರ ಆಧಾರದಲ್ಲಿ ಅದು 0.444…, ಉದ್ದ ಒಂದು. ಮೂರರ ಆಧಾರದಲ್ಲಿ 0.120102120102…, ಉದ್ದ ಮತ್ತೆ ಆರು; ಅಲ್ಲಿಯೂ 120 + 102 = 222 ಎಂದು ಮಿದಿ ಪ್ರಮೇಯ ನಿಲ್ಲುತ್ತದೆ. 7ಕ್ಕೆ ಜನಕಗಳು 3 ಮತ್ತು 5. ಹತ್ತನ್ನು 7ರಿಂದ ಭಾಗಿಸಿದರೆ ಶೇಷ 3 ಆದ್ದರಿಂದ 10 ಕೂಡ ಜನಕವಾಗಿ ವರ್ತಿಸುತ್ತದೆ.

ಇತರ ಚಕ್ರೀಯ ಸಂಖ್ಯೆಗಳು

ನೂರರೊಳಗಿನ ಪೂರ್ಣಾವರ್ತ ಅವಿಭಾಜ್ಯಗಳು ಒಂಬತ್ತು: 7, 17, 19, 23, 29, 47, 59, 61, 97. ಪ್ರತಿಯೊಂದರಿಂದಲೂ ಒಂದು ಚಕ್ರೀಯ ಸಂಖ್ಯೆ ಹುಟ್ಟುತ್ತದೆ. 17ರಿಂದ ಬರುವುದು ಹದಿನಾರು ಅಂಕಿಗಳ 0588235294117647. ಅವಿಭಾಜ್ಯ 10ನ್ನು ಮೀರಿದಾಗ ಭಾಗಾಕಾರದ ಮೊದಲ ಅಂಕಿ ಸೊನ್ನೆಯಾಗುವುದು ಅನಿವಾರ್ಯ. ಹಾಗಾಗಿ ದಶಮಾನದಲ್ಲಿ ಸೊನ್ನೆಯಿಂದ ಆರಂಭವಾಗದ ಚಕ್ರೀಯ ಸಂಖ್ಯೆ, 1 ಎಂಬ ಕ್ಷುಲ್ಲಕ ಉದಾಹರಣೆಯನ್ನು ಬಿಟ್ಟರೆ, 142857 ಒಂದೇ.

ಎಲ್ಲ ಅವಿಭಾಜ್ಯಗಳೂ ಈ ಬಗೆಯವಲ್ಲ. 1/13ರ ಆವರ್ತದ ಉದ್ದ 12ರ ಬದಲು 6, 1/11ರದು 2, 1/37ರದು 3. 571428ರ ಅಪವರ್ತನಗಳಲ್ಲಿರುವ 11, 13, 37 ಮೂರೂ ಪೂರ್ಣಾವರ್ತ ಅವಿಭಾಜ್ಯಗಳಲ್ಲ. ಅವುಗಳ ಆವರ್ತದ ಉದ್ದಗಳಾದ 2, 6, 3 ಆರರ ಭಾಜಕಗಳು; 999999ರ ಅಪವರ್ತನಗಳಲ್ಲಿ ಅವು ಇರುವುದಕ್ಕೆ ಇದೇ ಕಾರಣ.

ಇತಿಹಾಸ

ಏಳರ ಈ ಅಂಕಿಸಾಲು ಕರ್ನಾಟಕದ ಗಣಿತ ಪರಂಪರೆಯಲ್ಲಿ ಒಂಬತ್ತನೆಯ ಶತಮಾನದಷ್ಟು ಹಿಂದೆಯೇ ಕಾಣಿಸುತ್ತದೆ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಜೈನ ಗಣಿತಜ್ಞ ಮಹಾವೀರಾಚಾರ್ಯ ಸುಮಾರು 850ರಲ್ಲಿ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಅದರ ಗುಣಾಕಾರ ಪ್ರಕರಣದಲ್ಲಿ, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಗುಣಲಬ್ಧಗಳನ್ನು ಕೊಡುವ ಲೆಕ್ಕಗಳಿವೆ. ಇಂಥವನ್ನು ಅವನು ಕಂಠಿಕೆ, ಅಂದರೆ ಕೊರಳಹಾರ, ಎಂದು ಕರೆದಿದ್ದಾನೆ. ಅವುಗಳಲ್ಲಿ ಒಂದು 142857143 × 7 = 1000000001. ಇನ್ನೆರಡು 139 × 109 = 15151 ಮತ್ತು 27994681 × 441 = 12345654321.

142857143ರಲ್ಲಿ 1/7ರ ಆವರ್ತ ನೇರವಾಗಿ ಕಾಣುತ್ತದೆ. 10⁹ನ್ನು 7ರಿಂದ ಭಾಗಿಸಿದರೆ 142857142, ಶೇಷ 6. ಭಾಜ್ಯಕ್ಕೆ ಒಂದು ಕೂಡಿಸಿದರೆ ಭಾಗಾಕಾರ ನಿಶ್ಶೇಷವಾಗಿ ಭಾಗಲಬ್ಧ 142857143 ಆಗುತ್ತದೆ. ಇದರ ನಾಲ್ಕರಷ್ಟು 571428572. ಮೊದಲ ಆರು ಅಂಕಿಗಳು 571428.

ದೊಡ್ಡ ಸಂಖ್ಯೆಗಳನ್ನು ಹೆಸರಿಸಲು ಮಹಾವೀರಾಚಾರ್ಯ ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳನ್ನು ಕೊಟ್ಟಿದ್ದಾನೆ. ಮಹಾಕ್ಷೋಭ ಎಂದರೆ 10²³. 571428 ಈ ಸಾಲಿನ ಆರನೆಯದಾದ ಲಕ್ಷ ಸ್ಥಾನದಲ್ಲೇ ಮುಗಿಯುತ್ತದೆ. ‘ಗಣಿತಸಾರಸಂಗ್ರಹ’ವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದ್ರಾಸಿನಲ್ಲಿ ಪ್ರಕಟಿಸಿದರು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದ ಕೃತಿಗಳಿಂದ ಗಣಿತವನ್ನು ಕನ್ನಡದಲ್ಲೇ ಬರೆದನು.

ಯೂರೋಪಿನಲ್ಲಿ ಆವರ್ತ ದಶಮಾಂಶಗಳನ್ನು ಸಂಖ್ಯಾ ಸಿದ್ಧಾಂತದ ಭಾಗವಾಗಿ ಕ್ರಮಬದ್ಧವಾಗಿ ವಿವೇಚಿಸಿದವರು ಜರ್ಮನಿಯ ಕಾರ್ಲ್ ಫ್ರೆಡರಿಕ್ ಗಾಸ್. ಅವರ ಗ್ರಂಥ 1801ರಲ್ಲಿ ಪ್ರಕಟವಾಯಿತು.

ಉಪಯೋಗ

ಅಂಚೆಯಲ್ಲಿ 571428 ವಿಂಗಡಣೆಯ ಸಂಕೇತ. ಮೊದಲ ಮೂರು ಅಂಕಿಗಳಿಂದ ಚೀಲ ಯಾವ ವಿಂಗಡಣಾ ಜಿಲ್ಲೆಗೆ ಸೇರಬೇಕೆಂದೂ ಕೊನೆಯ ಮೂರರಿಂದ ಯಾವ ಕಚೇರಿಗೆ ಮುಟ್ಟಬೇಕೆಂದೂ ತಿಳಿಯುತ್ತದೆ. ಬ್ಯಾಂಕ್ ಅರ್ಜಿ, ಗುರುತಿನ ಚೀಟಿ, ಆನ್‌ಲೈನ್ ಖರೀದಿ ಮುಂತಾದ ಕಡೆ ವಿಳಾಸದ ಅಂಗವಾಗಿ ಇದು ಬಳಕೆಯಲ್ಲಿದೆ. ಪಿನ್ ಸಂಖ್ಯೆಗಳನ್ನು ಕೂಡುವುದಕ್ಕೂ ಗುಣಿಸುವುದಕ್ಕೂ ಅಂಚೆಯ ವ್ಯವಹಾರದಲ್ಲಿ ಅರ್ಥವಿಲ್ಲ.

ಲೆಕ್ಕದಲ್ಲಿ ಈ ಸಾಲನ್ನು ನೆನಪಿಟ್ಟರೆ 7ರಿಂದ ಭಾಗಿಸುವ ಕೆಲಸ ಹಗುರವಾಗುತ್ತದೆ. ವಾರದ ನಾಲ್ಕು ದಿನ ಎಂದರೆ ವಾರದ ಶೇಕಡಾ 57.1428…. 571428 ದೊರೆತರೆ ಅದರ ಅಂಕಿಗಳನ್ನು ಸುತ್ತಿಸಿಯೇ ಉಳಿದ ಐದು ಭಿನ್ನರಾಶಿಗಳನ್ನು ಬರೆಯಬಹುದು: ಆರು ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ 1, 2, 4, 5, 7, 8 ಎಂದು ಜೋಡಿಸಿದರೆ, 1/7ರಿಂದ 6/7ರವರೆಗಿನ ಆವರ್ತಗಳು ಅದೇ ಕ್ರಮದಲ್ಲಿ ಈ ಅಂಕಿಗಳಿಂದ ಆರಂಭವಾಗುತ್ತವೆ. ನಾಲ್ಕನೆಯ ಅಂಕಿ 5; ಆದ್ದರಿಂದ 4/7ರ ಆವರ್ತ 5ರಿಂದ ಮೊದಲಾಗುತ್ತದೆ.

ಶಾಲಾ ಗಣಿತದಲ್ಲಿ ಭಾಗಲಬ್ಧ ಸಂಖ್ಯೆಗಳ ಆವರ್ತ ದಶಮಾಂಶ, ಭಾಜ್ಯತೆಯ ನಿಯಮಗಳು, ಅಪವರ್ತನ ಮತ್ತು ಮ.ಸಾ.ಅ. ಈ ಎಲ್ಲಕ್ಕೂ 571428 ಒಂದೇ ಉದಾಹರಣೆಯಾಗಿ ಒದಗುತ್ತದೆ. ಲೆಕ್ಕಕ್ಕೆ ಬೇಕಾದ ಸಾಮಗ್ರಿ ಕಾಗದ ಮತ್ತು ಪೆನ್ಸಿಲ್ ಮಾತ್ರ.

ಗಣಕ ವಿಜ್ಞಾನದಲ್ಲಿ ಜನಕದ ತತ್ತ್ವವನ್ನು ಯಾದೃಚ್ಛಿಕವಾಗಿ ತೋರುವ ಸಂಖ್ಯೆಗಳ ಉತ್ಪಾದನೆಗೆ ಬಳಸುತ್ತಾರೆ. ಡಿ. ಎಚ್. ಲೆಹ್ಮರ್ ಹೆಸರಿನ ವಿಧಾನದಲ್ಲಿ ಒಂದು ಸಂಖ್ಯೆಯನ್ನು ನಿಗದಿತ ಗುಣಕದಿಂದ ಗುಣಿಸಿ, ದೊಡ್ಡ ಅವಿಭಾಜ್ಯವೊಂದರಿಂದ ಭಾಗಿಸಿ, ಶೇಷವನ್ನು ಉಳಿಸಿಕೊಳ್ಳುತ್ತಾರೆ. 1988ರಲ್ಲಿ ಪಾರ್ಕ್ ಮತ್ತು ಮಿಲ್ಲರ್ ಶಿಫಾರಸು ಮಾಡಿದ ರೂಪದಲ್ಲಿ ಗುಣಕ 7⁵ = 16807, ಅವಿಭಾಜ್ಯ 2³¹ − 1. 4, 5, 1, 3, 2, 6 ಎಂದು 7ರ ಶೇಷಗಳು ಒಂದೂ ಬಿಡದೆ ಸುತ್ತುವುದೂ ಇದೇ ತತ್ತ್ವದ ಚಿಕ್ಕ ರೂಪ.

ಇಂದಿನ ಸ್ಥಿತಿ

571428 ಇಂದಿಗೂ ಮದ್ದೂರಿನ ಪಿನ್ ಸಂಖ್ಯೆ. ಅಂಚೆ ಇಲಾಖೆ 2025ರ ಮೇ ತಿಂಗಳಲ್ಲಿ ಡಿಜಿಪಿನ್ ಎಂಬ ಹೊಸ ವಿಳಾಸ ಸಂಕೇತವನ್ನು ಬಿಡುಗಡೆ ಮಾಡಿತು. ಇದು ದೇಶವನ್ನು ಸುಮಾರು 4 ಮೀಟರ್ ಉದ್ದ ಮತ್ತು 4 ಮೀಟರ್ ಅಗಲದ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕಕ್ಕೂ ಅಕ್ಷರ ಮತ್ತು ಅಂಕಿಗಳು ಬೆರೆತ ಹತ್ತು ಚಿಹ್ನೆಗಳ ಸಂಕೇತವನ್ನು ಕೊಡುತ್ತದೆ. ಆರು ಅಂಕಿಗಳ ಪಿನ್ ಪದ್ಧತಿ ಅದರ ಜೊತೆಗೇ ಮುಂದುವರಿದಿದೆ.

ಗಣಿತದಲ್ಲಿ 571428ರ ಬಗ್ಗೆ ಮೇಲೆ ಹೇಳಿದ ಗುಣಗಳೆಲ್ಲ ಸಾಧಿತವಾಗಿವೆ. ಆದರೆ ಅದು ಸೇರಿರುವ ಕುಟುಂಬದ ಕುರಿತ ಮುಖ್ಯ ಪ್ರಶ್ನೆ ಬಗೆಹರಿದಿಲ್ಲ: 7, 17, 19, 23 ಎಂದು ಸಾಗುವ ಪೂರ್ಣಾವರ್ತ ಅವಿಭಾಜ್ಯಗಳು ಅನಂತವೇ? ಹೌದು ಎಂಬುದು ಎಮಿಲ್ ಆರ್ಟಿನ್ 1927ರಲ್ಲಿ ಮುಂದಿಟ್ಟ ಊಹೆಯ ಭಾಗ. ಆ ಊಹೆಯಂತೆ ಎಲ್ಲ ಅವಿಭಾಜ್ಯಗಳಲ್ಲಿ ಇಂಥವುಗಳ ಪ್ರಮಾಣ ಸುಮಾರು ಶೇಕಡಾ 37.4. ಕ್ರಿಸ್ಟಫರ್ ಹೂಲಿ 1967ರಲ್ಲಿ ಇದನ್ನು ಸಾಧಿಸಿದರು. ಆದರೆ ಅವರ ಸಾಧನೆ ರೀಮಾನ್ ಊಹೆಯ ವಿಸ್ತೃತ ರೂಪ ನಿಜವೆಂಬ ನೆಲೆಯ ಮೇಲೆ ನಿಂತಿದೆ. 2, 3 ಮತ್ತು 5ರಲ್ಲಿ ಕನಿಷ್ಠ ಒಂದಾದರೂ ಅನಂತ ಅವಿಭಾಜ್ಯಗಳಿಗೆ ಜನಕ ಎಂಬುದು ರೋಜರ್ ಹೀತ್-ಬ್ರೌನ್ 1986ರಲ್ಲಿ ಪ್ರಕಟಿಸಿದ ಫಲಿತಾಂಶದಿಂದ ಸಿಗುತ್ತದೆ. ಪೂರ್ಣಾವರ್ತ ಅವಿಭಾಜ್ಯವೆಂದರೆ 10 ಜನಕವಾಗಿರುವ ಅವಿಭಾಜ್ಯ; ಆದರೆ ಆ ಹತ್ತಕ್ಕೆ ಇಂಥ ಸಾಧನೆ ಇನ್ನೂ ದೊರೆತಿಲ್ಲ. 142857ರಂಥ ಚಕ್ರೀಯ ಸಂಖ್ಯೆಗಳ ಸಾಲು ಎಲ್ಲಾದರೂ ನಿಲ್ಲುತ್ತದೆಯೇ, ಇಲ್ಲವೇ ಎಂಬುದು ಸಂಖ್ಯಾ ಸಿದ್ಧಾಂತದ ತೆರೆದ ಪ್ರಶ್ನೆಗಳಲ್ಲಿ ಒಂದು.